ಮನೆಯ ಶೆಡ್ಡಿನಲ್ಲಿ ಹಳೆಯ ಲೇತ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಚ್ಚಿದ ವರ್ಕ್‌ಶಾಪಿನಿಂದಲೋ ಗುಜರಿಯಿಂದಲೋ ಒಂದು ಹಳೆಯ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕೊರೆದು ಆಕಾರ ಕೊಡುವ ಯಂತ್ರ) ಕೊಂಡು, ಮನೆಯ ಹಿಂದಿನ ಶೆಡ್ಡಿನಲ್ಲಿ ಇಳಿಸಿಕೊಂಡವರು ಫೋನಿನಲ್ಲಿ, ಪತ್ರದಲ್ಲಿ, ಎದುರಿಗೆ ಸಿಕ್ಕಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಡಯಲ್ ಗೇಜ್ (ಅತಿ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಯ ಸಾಧನ) ಬೇಕಾಗುವಂಥವು ಕೊನೆಗೆ. ನಿಮ್ಮ ಪ್ರಶ್ನೆಯನ್ನಷ್ಟೇ ಹುಡುಕಿ ಓದಿದರೂ ಸಾಕು.

## ಮನೆಗೆ ಬಂದ ಹೊಸದರಲ್ಲಿ

ಸಾರ್, ಲೇತ್ ತಂದು ಇಳಿಸಿದ್ದಾಯ್ತು. ಪೂರ್ತಿ ಬಿಚ್ಚಿ ತೊಳೆದುಬಿಡ್ಲಾ?

ಬೇಡ. ವರ್ಷಗಟ್ಟಲೆ ಒಟ್ಟಿಗೆ ಸವೆದ ಭಾಗಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಸ್ಲೈಡಿನ ಸಡಿಲ ತೆಗೆಯುವ ಗಿಬ್ ಪಟ್ಟಿ ತಿರುವುಮುರುವಾದರೆ, ಬೇರಿಂಗ್ ಕ್ಯಾಪಿನ ಕೆಳಗಿದ್ದ ಕಾಗದದಷ್ಟು ತೆಳ್ಳನೆಯ ಶಿಮ್ ತಗಡು ಕಸದ ಜೊತೆ ಹೋದರೆ, ಮತ್ತೆ ಅದೇ ಸ್ಥಿತಿಗೆ ತರುವುದು ದೊಡ್ಡ ಕೆಲಸ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಕೆಲಸದ ತುಂಡನ್ನು ಹಿಡಿಯುವ ಚಕ್ಕನ್ನು ಕೈಯಲ್ಲೇ ತಿರುಗಿಸಿ, ಕರಕರ ಎನ್ನುತ್ತದೆಯೇ ಕೇಳಿ. ಪ್ರತಿ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಯವರೆಗೆ ಓಡಿಸಿ ನೋಡಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬರೆದಿಡಿ. ಎಣ್ಣೆ ತೂತುಗಳನ್ನು ಹುಡುಕಿ ಶುಚಿ ಮಾಡಿ ಎಣ್ಣೆ ಬಿಟ್ಟ ಮೇಲೆ ಅತಿ ಕಡಿಮೆ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ.

ಬಿಚ್ಚುವುದಾದರೆ ಒಂದು ಸಲಕ್ಕೆ ಒಂದೇ ಭಾಗ: ಇವತ್ತು ಟೂಲ್ ಕೂರುವ ಕಾಂಪೌಂಡ್ ಸ್ಲೈಡ್, ಮುಂದಿನ ಭಾನುವಾರ ಅದರ ಕೆಳಗೆ ಅಡ್ಡಕ್ಕೆ ಓಡುವ ಕ್ರಾಸ್ ಸ್ಲೈಡ್. ಹೆಡ್‌ಸ್ಟಾಕನ್ನು (ಚಕ್ ತಿರುಗಿಸುವ ಎಡಗಡೆಯ ಪೆಟ್ಟಿಗೆ) ಬೆಡ್ಡಿನಿಂದ (ಎಲ್ಲ ಭಾಗಗಳೂ ಕೂರುವ ಉದ್ದನೆಯ ತಳ) ಮಾತ್ರ ಬಿಚ್ಚಬೇಡಿ. ಅದರ ನೇರವನ್ನು ಕಾರ್ಖಾನೆಯಲ್ಲಿ ಕೂರಿಸಿರುತ್ತಾರೆ, ಶೆಡ್ಡಿನಲ್ಲಿ ಮತ್ತೆ ಕೂರಿಸಲು ಬೇಕಾದ ಟೆಸ್ಟ್ ಬಾರ್ (ನೇರ ಪರೀಕ್ಷಿಸುವ ನಿಖರ ಸಲಾಕೆ) ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದಿಲ್ಲ.

ಯಾವ ಕಂಪನಿಯದು ಅಂತಲೇ ಗೊತ್ತಾಗ್ತಿಲ್ಲ. ಗೊತ್ತಾಗಲೇಬೇಕಾ?

ಗೊತ್ತಾದರೆ ಒಳ್ಳೆಯದು, ಆಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಬಣ್ಣದ ಪದರದ ಕೆಳಗೆ ಎರಕದಲ್ಲೇ ಮೂಡಿದ ಅಕ್ಷರಗಳಿರಬಹುದು, ಬೆರಳಾಡಿಸಿ ನೋಡಿ. ಬೆಡ್ಡಿನ ಟೈಲ್‌ಸ್ಟಾಕ್ (ಉದ್ದದ ಕೆಲಸಕ್ಕೆ ಬಲಗಡೆಯಿಂದ ಆಸರೆ ಕೊಡುವ ಭಾಗ) ತುದಿಯಲ್ಲಿ ನಂಬರ್ ಪಂಚ್ ಮಾಡಿರುವುದೂ ಉಂಟು. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಮೂರು ಬಗೆ. ಮೊದಲನೆಯದು, 1941ರಲ್ಲಿ ಹರಿಹರದಲ್ಲಿ ಶುರುವಾಗಿ ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳು. ಎರಡನೆಯದು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿಯ ಎಚ್22, ಎಲ್‌ಬಿ17, ಎನ್‌ಎಚ್22. ಮೂರನೆಯದು ಬಟಾಲಾ, ಲುಧಿಯಾನ, ರಾಜಕೋಟ್ ಕಡೆಯಿಂದ ಬಂದ, ಬೆಡ್ಡಿನ ಉದ್ದವನ್ನು ಅಡಿಯಲ್ಲಿ ಹೇಳಿ ಮಾರುವ ನಾಲ್ಕೂವರೆ ಅಡಿ, ಆರಡಿ ಬೆಲ್ಟ್ ಲೇತ್‌ಗಳು. ಮೊದಲಿನ ಎರಡಕ್ಕೆ ಹಳೆಯ ಮ್ಯಾನ್ಯುಯಲ್ಲಿನ ನಕಲು ಸಿಗುವ ಸಾಧ್ಯತೆ ಇದೆ. ಮೂರನೆಯದಕ್ಕೆ ನೀವೇ ಒಂದು ನೋಟ್‌ಬುಕ್ ಶುರು ಮಾಡಬೇಕು.

ಶೆಡ್ಡಲ್ಲಿ ಎಲ್ಲಿ ಇಟ್ಟರೆ ಒಳ್ಳೆಯದು?

ನೆಲಮಹಡಿಯ ಗಟ್ಟಿ ಕಾಂಕ್ರೀಟಿನ ಮೇಲೆ, ಸೋರುವ ಶೀಟಿನಿಂದ ದೂರ, ಬೆಂಚ್ ಗ್ರೈಂಡರಿನಿಂದ ಇನ್ನೂ ದೂರ. ಗ್ರೈಂಡರಿನ ಕಿಡಿಯಲ್ಲಿ ಕಲ್ಲಿನ ಪುಡಿ ಇರುತ್ತದೆ. ಎಣ್ಣೆ ಸವರಿದ ಬೆಡ್ಡಿನ ಮೇಲೆ ಅದು ಕೂತರೆ ಸಾಣೆ ಹಿಡಿದ ಹಾಗೇ. ಸರಿಸುವಾಗ ನೆನಪಿಡಿ, ಭಾರವೆಲ್ಲ ಹೆಡ್‌ಸ್ಟಾಕ್ ಕಡೆಗಿರುತ್ತದೆ. ಟೂಲ್ ಹೊತ್ತು ಬೆಡ್ಡಿನ ಮೇಲೆ ಓಡುವ ಕ್ಯಾರೇಜನ್ನೂ ಟೈಲ್‌ಸ್ಟಾಕನ್ನೂ ಇನ್ನೊಂದು ತುದಿಗೆ ತಳ್ಳಿ ಲಾಕ್ ಮಾಡಿ, ಪೈಪಿನ ಮೇಲೆ ಉರುಳಿಸಿ. ಬೆಡ್ಡಿನ ಮುಂದೆ ಉದ್ದಕ್ಕೂ ಇರುವ ಲೀಡ್ ಸ್ಕ್ರೂ ಹಿಡಿದು ಎತ್ತಲು ಯಾರನ್ನೂ ಬಿಡಬೇಡಿ, ಬಾಗುತ್ತದೆ.

## ಜಿಡ್ಡು ಮತ್ತು ತುಕ್ಕು

ಹಳೇ ಎಣ್ಣೆ ಜಿಡ್ಡು ಕಲ್ಲಿನ ಥರ ಕೂತಿದೆ. ಸೀಮೆಎಣ್ಣೆ ಈಗ ಸಿಗೋದೇ ಇಲ್ಲ. ಯಾವುದರಲ್ಲಿ ತೊಳೆಯೋದು?

ಪೇಂಟ್ ಅಂಗಡಿಯಲ್ಲಿ ಎಂಟಿಒ ಎಂದು ಕೇಳಿ, ಮಿನರಲ್ ಟರ್ಪೆಂಟೈನ್ ಕೊಡುತ್ತಾರೆ. ಸೀಮೆಎಣ್ಣೆ ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ. ಡೀಸೆಲ್ ಕೂಡ ಜಿಡ್ಡು ಬಿಡಿಸುತ್ತದೆ, ಆದರೆ ವಾಸನೆ ಬೇಗ ಹೋಗದು, ಕೈ ಚರ್ಮಕ್ಕೂ ಒಳ್ಳೆಯದಲ್ಲ. ಪೆಟ್ರೋಲ್ ಬೇಡವೇ ಬೇಡ: ಅದರ ಆವಿ ನೆಲಮಟ್ಟದಲ್ಲಿ ಹರಡುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು. ಎನ್‌ಸಿ ಥಿನ್ನರ್ ಜಿಡ್ಡಿನ ಜೊತೆ ಬಣ್ಣವನ್ನೂ ಎಬ್ಬಿಸುತ್ತದೆ.

ಎಂಟಿಒ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಡಿ. ದಪ್ಪ ಜಿಡ್ಡನ್ನು ಮರದ ಚೆಕ್ಕೆಯಿಂದ ಅಥವಾ ಹಳೆಯ ಪ್ಲಾಸ್ಟಿಕ್ ಸ್ಕೇಲಿನಿಂದ ಕೆರೆಯಿರಿ. ಉಳಿದದ್ದಕ್ಕೆ ಬ್ರಷ್, ಆಮೇಲೆ ಬನಿಯನ್ ವೇಸ್ಟ್. ಮೇಲಿಂದ ಕೆಳಕ್ಕೆ ಬನ್ನಿ. ತೊಳೆದ ಭಾಗದಲ್ಲಿ ಹಳೆಯ ಎಣ್ಣೆಯೂ ಹೋಗಿರುತ್ತದೆ. ಆದ್ದರಿಂದ ಅದೇ ದಿನ ಹೊಸ ಎಣ್ಣೆ ಸವರದೆ ಶೆಡ್ಡಿನ ಬಾಗಿಲು ಹಾಕಬೇಡಿ. ಬರಿಮೈಯ ಎರಕದ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗುತ್ತದೆ.

ಬೈಕ್ ಸರ್ವಿಸ್ ಸ್ಟೇಷನ್ನಲ್ಲಿ ವಾಟರ್ ವಾಶ್ ಮಾಡಿಸಿದ್ರೆ ಒಂದೇ ಏಟಿಗೆ ಮುಗಿಯುತ್ತಲ್ವಾ?

ಲೇತೂ ಮುಗಿಯುತ್ತದೆ. ಆ ಒತ್ತಡದ ನೀರು ಏಪ್ರನ್ನಿನೊಳಗೆ (ಕ್ಯಾರೇಜಿನ ಮುಂಭಾಗದ ಗೇರು ಪೆಟ್ಟಿಗೆ), ಚಕ್ ಕೂರುವ ಸ್ಪಿಂಡಲ್ಲಿನ ಬೇರಿಂಗಿಗೆ, ಸ್ಯಾಡಲ್ (ಬೆಡ್ಡಿನ ಮೇಲೆ ಕೂರುವ ಕ್ಯಾರೇಜಿನ ತಳ) ಕೆಳಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ಹೊರಗಡೆ ಫಳಫಳ, ಒಳಗಡೆ ತುಕ್ಕು. ಬಿಚ್ಚಿದ ಚಿಪ್ ಟ್ರೇ, ಬೆಲ್ಟ್ ಗಾರ್ಡ್, ಕಾಲುಗಳನ್ನು ಬೇಕಾದರೆ ಸೋಪು ನೀರಿನಲ್ಲಿ ತೊಳೆದು ಬಿಸಿಲಿಗೆ ಇಡಿ.

ಕಂಪ್ರೆಸರ್ ಇದೆ. ಗಾಳಿ ಹೊಡೆದು ಚಿಪ್ಸ್ ಹಾರಿಸಬಹುದಾ?

ಸ್ಲೈಡಿನ ಹತ್ತಿರ ಬೇಡ. ಗಾಳಿ ದೊಡ್ಡ ಚಿಪ್ಸನ್ನು (ಕೊರೆದಾಗ ಬೀಳುವ ಲೋಹದ ಚೂರು) ನೆಲಕ್ಕೆ ಬೀಳಿಸುತ್ತದೆ, ಸಣ್ಣ ತರಿಯನ್ನು ಸ್ಯಾಡಲ್ ಮತ್ತು ಬೆಡ್ಡಿನ ನಡುವಿನ ಸಂದಿಗೆ ತೂರುತ್ತದೆ. ಹಾನಿ ಮಾಡುವುದು ಆ ಸಣ್ಣದ್ದೇ. ಕಣ್ಣಿಗೂ ಅಪಾಯ. ಎರಡು ಇಂಚಿನ ಪೇಂಟ್ ಬ್ರಷ್ ಸಾಕು. ಒಂದು ಹಳೆಯ ಸ್ಪೀಕರ್ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಟ್ರೇ ಮೇಲೆ ಓಡಿಸಿ, ಚೀಲವನ್ನು ಒಳಹೊರಗು ಮಾಡಿದರೆ ಕಬ್ಬಿಣದ ಚೂರೆಲ್ಲ ಚೀಲದಲ್ಲೇ ಉಳಿಯುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂಗೆ ಬ್ರಷ್ಷೇ ಗತಿ.

ಬೆಡ್ ಮೇಲೆ ತುಕ್ಕಿನ ಕಲೆ ಇದೆ. ಎಮರಿ ಪೇಪರ್ ಹಾಕಿ ಉಜ್ಜಿ ಹೊಳಪು ತರಲಾ?

ಹೊಳಪಿನ ಆಸೆಗೆ ಬೆಡ್ಡನ್ನು ಹಾಳು ಮಾಡಿಕೊಂಡವರೇ ಹೆಚ್ಚು, ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ. ಬೆಡ್ಡಿನ ಸ್ಲೈಡಿಗೆ ಬೇಕಾದದ್ದು ಸಮತಟ್ಟು ಮತ್ತು ಎಣ್ಣೆ ನಿಲ್ಲುವ ಗುಣ. ಎಮರಿ ಎಲ್ಲಿ ಕೈ ಹೆಚ್ಚು ಒತ್ತುತ್ತದೋ ಅಲ್ಲಿ ಹೆಚ್ಚು ತಿನ್ನುತ್ತದೆ. ಅದರ ತರಿ ಎರಕದ ಕಬ್ಬಿಣದ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡು ಆಮೇಲೂ ಸ್ಯಾಡಲನ್ನು ಸವೆಸುತ್ತಲೇ ಇರುತ್ತದೆ. ಡ್ರಿಲ್ಲಿಗೆ ಹಾಕುವ ವೈರ್ ಬ್ರಷ್ ಕೂಡ ಇದೇ ಕಾರಣಕ್ಕೆ ಬೇಡ.

ತುಕ್ಕಿನ ಮೇಲೆ ತೆಳು ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೊಸ ಶೇವಿಂಗ್ ಬ್ಲೇಡನ್ನು ಹಿಡಿಯಲ್ಲಿ ಸಿಕ್ಕಿಸಿ, ಬಹಳ ಓರೆಯಾಗಿ, ಬೆಡ್ಡಿಗೆ ಹೆಚ್ಚುಕಡಿಮೆ ಒರಗಿಸಿ ತಳ್ಳಿ. ಉಬ್ಬಿದ ತುಕ್ಕು ಪುಡಿಯಾಗಿ ಬರುತ್ತದೆ, ಕೆಳಗಿನ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಬಿಡದ ಕಡೆ ಬೂದು ಬಣ್ಣದ ನಯ ಸ್ಕಾಚ್‌ಬ್ರೈಟನ್ನು ಎಣ್ಣೆಯಲ್ಲಿ ಅದ್ದಿ, ಕೈಯಲ್ಲೇ, ಬೆಡ್ಡಿನ ಉದ್ದಕ್ಕೆ ಸವರಿ, ನಂತರ ಎಂಟಿಒದಲ್ಲಿ ಚೆನ್ನಾಗಿ ಒರೆಸಿ. ಕಪ್ಪು ಕಲೆ ಉಳಿದರೆ ಉಳಿಯಲಿ. ಸಣ್ಣ ಗುಳಿಗಳೂ ಇರಲಿ, ಅವು ಎಣ್ಣೆ ಹಿಡಿದಿಡುತ್ತವೆ. ಮೇಲಕ್ಕೆ ಎದ್ದಿರುವುದು ಮಾತ್ರ ತೊಂದರೆ. ಸ್ಲೈಡಿನ ಮೇಲೆ ಅರ್ಧಚಂದ್ರದಂಥ ಗುರುತುಗಳ ಸಾಲು ಕಂಡರೆ ಅದು ಸಮತಟ್ಟು ಬರಲೆಂದು ಕೈಯಲ್ಲಿ ಸ್ಕ್ರೇಪ್ ಮಾಡಿದ (ಚೂರು ಚೂರೇ ಕೆರೆದ) ಕುರುಹು. ಅದನ್ನು ಅಳಿಸುವ ಯೋಚನೆಯೇ ಬೇಡ.

ಗೇರು, ಹ್ಯಾಂಡಲ್ ಇಂಥ ಸಣ್ಣ ಪಾರ್ಟ್ಸ್ ತುಕ್ಕಿಗೆ ಹುಣಸೆಹಣ್ಣು ನಡೆಯುತ್ತಾ? ಬ್ಯಾಟರಿ ಚಾರ್ಜರ್ ವಿಧಾನ ಅಂತಾರಲ್ಲ, ಅದೇನು?

ಹುಣಸೆ ತುಕ್ಕನ್ನು ಕರಗಿಸುತ್ತದೆ, ಜೊತೆಗೆ ಅಂಟು, ನಾರು, ರಾಡಿ. ಅದರ ಬದಲು ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಲೀಟರ್ ನೀರಿಗೆ 50 ಗ್ರಾಂನಷ್ಟು ಕರಗಿಸಿ ಭಾಗಗಳನ್ನು ಮುಳುಗಿಸಿಡಿ. ಕೆಲವು ಗಂಟೆಗೊಮ್ಮೆ ತೆಗೆದು ಬ್ರಷ್ ಮಾಡಿ ನೋಡಿ. ಮರೆತು ದಿನಗಟ್ಟಲೆ ಬಿಟ್ಟರೆ ಅದು ಒಳ್ಳೆಯ ಕಬ್ಬಿಣವನ್ನೂ ತಿನ್ನಲು ಶುರು ಮಾಡುತ್ತದೆ. ಕೊನೆಗೆ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ.

ಚಾರ್ಜರ್ ವಿಧಾನ ಇನ್ನೂ ಮೃದು, ಏಕೆಂದರೆ ಅದು ತುಕ್ಕನ್ನಷ್ಟೇ ಸಡಿಲಿಸುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ. 12 ವೋಲ್ಟ್ ಚಾರ್ಜರಿನ ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಒಂದು ಬೇಡದ ಮೈಲ್ಡ್ ಸ್ಟೀಲ್ ತಗಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಜಲಜನಕ ಹೊರಡುವುದರಿಂದ ಬಯಲಲ್ಲಿ ಇಡಿ, ಬೀಡಿ ಸಿಗರೇಟು ದೂರ. ಅಲ್ಯೂಮಿನಿಯಂ, ಹಿತ್ತಾಳೆ ಭಾಗಗಳನ್ನೂ ಸ್ಪ್ರಿಂಗುಗಳನ್ನೂ ಇದಕ್ಕೆ ಹಾಕಬಾರದು.

ನಾವು ಉಡುಪಿ ಕಡೆಯವರು. ಮಳೆಗಾಲದಲ್ಲಿ ಎಷ್ಟು ಎಣ್ಣೆ ಹಚ್ಚಿದರೂ ತುಕ್ಕು ಬರ್ತದೆ. ಎಂತ ಮಾಡುವುದು?

ಕರಾವಳಿಯಲ್ಲೂ ಮಲೆನಾಡಿನಲ್ಲೂ ತೊಂದರೆ ಸೋರುವ ನೀರಿನಿಂದ ಬರುವುದಕ್ಕಿಂತ ಗಾಳಿಯಿಂದಲೇ ಹೆಚ್ಚು ಬರುತ್ತದೆ. ರಾತ್ರಿ ತಣ್ಣಗಾದ ಅರ್ಧ ಟನ್ ಕಬ್ಬಿಣ ಬೆಳಗಿನ ತೇವದ ಗಾಳಿಗೆ ಬೆವರುತ್ತದೆ. ಕಬ್ಬಿಣ ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಬೆವರುವುದಿಲ್ಲ. ಹಾಗಾಗಿ ಲೇತ್ ಕೆಳಗಿನ ಕ್ಯಾಬಿನೆಟ್ಟಿನಲ್ಲಿ, ಎಣ್ಣೆ ಬಟ್ಟೆ ತಾಗದ ಹಾಗೆ ಗಾರ್ಡ್ ಹಾಕಿ, 40 ಅಥವಾ 60 ವ್ಯಾಟಿನ ಹಳೆಯ ಬಲ್ಬ್ ಉರಿಸಿಡುವುದು ಅಗ್ಗದ ಉಪಾಯ. ಎಲ್‌ಇಡಿ ಬಲ್ಬಿನಿಂದ ಇದಾಗುವುದಿಲ್ಲ.

ಪ್ಲಾಸ್ಟಿಕ್ ಶೀಟು ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಎಂದಾದರೆ ಎಣ್ಣೆಯ ಬದಲು ಮೇಣದಂತೆ ಕೂರುವ ರಸ್ಟ್ ಪ್ರಿವೆಂಟಿವ್ ಸವರಿ, ಮತ್ತೆ ಓಡಿಸುವ ಮುಂಚೆ ಅದನ್ನು ಪೂರ್ತಿ ಒರೆಸಿ ತೆಗೆಯಿರಿ. ಬೆವರುವ ಕೈಯವರು ಮುಟ್ಟಿದ ಜಾಗವನ್ನು ಅವತ್ತೇ ಒರೆಸಬೇಕು.

ಆಯುಧ ಪೂಜೆಗೆ ಅರಿಶಿನ ಕುಂಕುಮ ಹಚ್ಚಿದ್ದೆವು. ಎರಡು ದಿನ ಬಿಟ್ಟು ನೋಡಿದರೆ ಬೆಡ್ ಮೇಲೆ ಕಲೆ. ಪೂಜೆ ಮಾಡಲೇಬಾರದಾ?

ಧಾರಾಳವಾಗಿ ಮಾಡಿ. ವರ್ಷಕ್ಕೊಮ್ಮೆ ಮೂಲೆಮೂಲೆ ಒರೆಸುವ ದಿನ ಅದೊಂದೇ ಆಗಿರುವ ವರ್ಕ್‌ಶಾಪುಗಳು ಬೇಕಾದಷ್ಟಿವೆ. ಕಲೆ ಮಾಡುವುದು ಒದ್ದೆ ಕುಂಕುಮ, ನೀರು ಚಿಮುಕಿಸಿದ ಹೂವು, ಕತ್ತರಿಸಿದ ನಿಂಬೆಹಣ್ಣು, ಒಡೆದ ಬೂದುಗುಂಬಳದ ರಸ, ತೆಂಗಿನಕಾಯಿಯ ನೀರು. ಅದರ ಮೇಲೆ ಪೂಜೆಗಿಟ್ಟ ಯಂತ್ರವನ್ನು ವಿಜಯದಶಮಿಯವರೆಗೆ ಮುಟ್ಟುವುದಿಲ್ಲ, ಹಾಗಾಗಿ ಹುಳಿಗೂ ತೇವಕ್ಕೂ ಇಡೀ ರಾತ್ರಿ ಸಿಗುತ್ತದೆ.

ಹಿಂದಿನ ಸಂಜೆ ಬೆಡ್ಡಿಗೂ ಚಕ್ಕಿಗೂ ದಪ್ಪನಾಗಿ ಎಣ್ಣೆ ಸವರಿ. ಅರಿಶಿನ ಕುಂಕುಮ ಬಣ್ಣ ಬಳಿದ ಜಾಗಕ್ಕೆ ಇರಲಿ, ಹೆಡ್‌ಸ್ಟಾಕಿನ ಮುಖವಿದೆಯಲ್ಲ, ನೋಡಲೂ ಅದೇ ಚೆಂದ. ಹಾರವನ್ನು ಹೆಡ್‌ಸ್ಟಾಕಿನ ಮೇಲೆ ಹಾಕಿ. ಬೆಡ್ಡಿನ ಮೇಲೆ ಏನಾದರೂ ಇಡಲೇಬೇಕೆಂದರೆ ಕೆಳಗೆ ಒಂದು ಬಾಳೆಎಲೆ. ಕುಂಬಳಕಾಯಿ ಬಾಗಿಲಾಚೆ ಒಡೆಯಿರಿ. ಮತ್ತೆ ಸ್ವಿಚ್ ಒತ್ತುವ ಮುಂಚೆ ಚಕ್ಕಿಗೆ ಕಟ್ಟಿದ ದಾರ, ಹೂವು ಎಲ್ಲ ಬಿಚ್ಚಿದ್ದೀರೋ ನೋಡಿ.

## ಎಣ್ಣೆಯ ವಿಚಾರ

ಎಲ್ಲಾದಕ್ಕೂ ಒಂದೇ ಎಣ್ಣೆ ಹೇಳಿ ಸಾರ್, ತಗೊಂಡು ಬರ್ತೀನಿ.

ಒಂದೇ ಡಬ್ಬ ತರುವುದಾದರೆ ಐಎಸ್‌ಒ ವಿಜಿ 68 ದರ್ಜೆಯ (ಎಣ್ಣೆ ಎಷ್ಟು ಗಟ್ಟಿ ಎಂದು ಹೇಳುವ ನಂಬರ್) ಹೈಡ್ರಾಲಿಕ್ ಎಣ್ಣೆ ತನ್ನಿ. ಗೇರ್ ಹೆಡ್‌ಸ್ಟಾಕಿಗೆ, ಏಪ್ರನ್ನಿಗೆ, ಎಣ್ಣೆ ತೂತುಗಳಿಗೆ ನಡೆಯುತ್ತದೆ. ಎರಡನೇ ಡಬ್ಬಕ್ಕೆ ದುಡ್ಡಿದ್ದರೆ ಅದೇ 68ರ ಸ್ಲೈಡ್‌ವೇ ಎಣ್ಣೆ. ಅದರಲ್ಲಿ ಅಂಟುಗುಣ ಬೆರೆಸಿರುತ್ತಾರೆ, ಬೆಡ್ಡಿನ ಇಳಿಜಾರು ಮುಖದಿಂದ ಜಾರಿಹೋಗುವುದಿಲ್ಲ, ನಿಧಾನವಾಗಿ ತಿರುಗಿಸಿದಾಗ ಸ್ಲೈಡು ಜಗ್ಗಿ ಜಗ್ಗಿ ಚಲಿಸುವುದೂ ತಪ್ಪುತ್ತದೆ. ಇಂಡಿಯನ್ ಆಯಿಲ್, ಎಚ್‌ಪಿ ಡೀಲರುಗಳ ಬಳಿ ಎರಡೂ ಸಿಗುತ್ತವೆ. ನಿಮ್ಮ ಲೇತಿನ ಪ್ಲೇಟಿನ ಮೇಲೆ ಬೇರೆ ದರ್ಜೆ ಬರೆದಿದ್ದರೆ ಅದನ್ನೇ ಅನುಸರಿಸಿ.

ಗಾಡಿ ಎಂಜಿನ್ ಆಯಿಲ್ ಮನೇಲಿದೆ. ಗೇರ್ ಬಾಕ್ಸಿಗೆ ಗೇರ್ ಆಯಿಲ್ ಹಾಕಿದ್ರೆ ತಪ್ಪೇನು?

ಎಂಜಿನ್ ಎಣ್ಣೆಯಲ್ಲಿ ಡಿಟರ್ಜೆಂಟ್ ಇರುತ್ತದೆ. ಕೊಳೆಯನ್ನು ತೇಲಿಸಿಟ್ಟು ಫಿಲ್ಟರಿಗೆ ಒಪ್ಪಿಸುವುದು ಅದರ ಕೆಲಸ. ಹಳೆಯ ಹೆಡ್‌ಸ್ಟಾಕಿನಲ್ಲಿ ಸಾಮಾನ್ಯವಾಗಿ ಫಿಲ್ಟರೇ ಇರದು, ಕೊಳೆ ತಳಕ್ಕೆ ಕೂರಬೇಕು. ಈ ಎಣ್ಣೆಯಲ್ಲಿ ಅದು ಬೇರಿಂಗುಗಳಿಗೇ ಸುತ್ತುತ್ತಿರುತ್ತದೆ. ತುರ್ತಿಗೆ ಹಾಕಿದರೆ ಲೇತ್ ಸಾಯುವುದಿಲ್ಲ, ಆದರೆ ಅದನ್ನೇ ರೂಢಿ ಮಾಡಿಕೊಳ್ಳಬೇಡಿ. 90 ನಂಬರಿನ ಗೇರ್ ಆಯಿಲ್ ಸ್ಪಿಂಡಲ್ ಬೇರಿಂಗಿಗೆ ತೀರಾ ಗಟ್ಟಿ, ಬಿಸಿ ಮಾಡುತ್ತದೆ. ಅದರಲ್ಲಿನ ಗಂಧಕದ ಅಂಶ ಗನ್ ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಬುಷ್ಷುಗಳನ್ನು ನಿಧಾನಕ್ಕೆ ತಿನ್ನಬಹುದು.

ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ, ಡಬ್ಲ್ಯೂಡಿ-40, ಇವುಗಳಲ್ಲಿ ಯಾವುದು ಆಗುತ್ತೆ?

ಬೆಡ್ಡಿಗೆ ಯಾವುದೂ ಬೇಡ. ಸಸ್ಯದ ಎಣ್ಣೆಗಳು ಗಾಳಿಗೆ ಕೆಟ್ಟು ಅಂಟಾಗುತ್ತವೆ, ಕೊಬ್ಬರಿ ಎಣ್ಣೆಯಂತೂ ಡಿಸೆಂಬರಿನಲ್ಲಿ ಕ್ಯಾನಿನೊಳಗೇ ಗಟ್ಟಿಯಾಗಿ ಕೂರುತ್ತದೆ. ಟ್ಯಾಪ್ ಹಾಕುವಾಗ ಒಂದೆರಡು ಹನಿ ಬಿಡುವ ಹಳೆಯ ಟರ್ನರುಗಳಿದ್ದಾರೆ, ಅದು ಸರಿಯೇ. ಹೊಲಿಗೆ ಯಂತ್ರದ ಎಣ್ಣೆ ಲೇತಿನ ಭಾರಕ್ಕೆ ತೀರಾ ತೆಳು. ಡಬ್ಲ್ಯೂಡಿ-40 ತೇವ ಓಡಿಸಲು, ತುಕ್ಕು ನೆನೆಸಲು ಒಳ್ಳೆಯದು. ಅದು ಆರಿದ ಮೇಲೆ ಉಳಿಯುವ ಪದರ ಸ್ಲೈಡಿಗೆ ಸಾಲದು.

ಹಳೇ ಓನರ್ ಎಲ್ಲಾ ನಿಪ್ಪಲ್ಲಿಗೂ ಗ್ರೀಸ್ ಹೊಡೆದಿದ್ದಾನೆ. ಹಾಗೇ ಮುಂದುವರಿಸಲಾ?

ಇದು ಬಹಳ ಕಡೆ ಕಾಣುವ ಸಂಗತಿ. ಗ್ರೀಸ್ ನಿಪ್ಪಲ್ಲಿನಂತೆ ಕಾಣುವ ಅನೇಕ ಬಾಲ್ ಆಯಿಲರುಗಳು ಎಣ್ಣೆಗೆಂದೇ ಇರುವವು. ಒಳಗಿನ ಸಣ್ಣ ಕಾಲುವೆಗಳಲ್ಲಿ ಗ್ರೀಸ್ ಒಣಗಿ ಬೆಣೆಯಾಗುತ್ತದೆ, ಆಮೇಲೆ ಎಷ್ಟು ಎಣ್ಣೆ ಒತ್ತಿದರೂ ಒಳಗೆ ಹೋಗದೆ ಹೊರಗೇ ಚೆಲ್ಲುತ್ತದೆ. ಆ ಭಾಗವನ್ನು ಬಿಚ್ಚಿದಾಗ ಕಾಲುವೆಗೆ ಎಂಟಿಒ ಬಿಟ್ಟು, ಮೃದುವಾದ ತಾಮ್ರದ ತಂತಿ ಆಡಿಸಿ, ಎಣ್ಣೆ ಆಚೆ ಕಡೆ ಬರುವವರೆಗೆ ಒತ್ತಿ. ಲೀಡ್ ಸ್ಕ್ರೂಗೂ ಗ್ರೀಸ್ ಬೇಡ. ಅದಕ್ಕೆ ಅಂಟಿದ ಚಿಪ್ಸ್ ಆ ಸ್ಕ್ರೂ ಹಿಡಿಯುವ ಹಾಫ್ ನಟ್ಟಿನ ಮೃದು ಲೋಹವನ್ನು ಕೊರೆಯುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಎಳೆ ಎಳೆ ತಿಕ್ಕಿ, ಎಣ್ಣೆ ಸವರಿ. ಸ್ಕ್ರೂ ತಿರುಗುತ್ತಿರುವಾಗ ದಾರವನ್ನೋ ಬಟ್ಟೆಯನ್ನೋ ಹಿಡಿಯಬೇಡಿ. ಎಣ್ಣೆಯಲ್ಲಿ ಮುಳುಗಿರದ ಚೇಂಜ್ ಗೇರುಗಳ (ಲೀಡ್ ಸ್ಕ್ರೂ ವೇಗ ಬದಲಿಸಲು ಕೂರಿಸುವ ಗೇರು) ಹಲ್ಲಿಗೆ, ಅದೂ ಮುಚ್ಚಳವಿದ್ದರೆ, ತೆಳ್ಳಗೆ ಗ್ರೀಸ್ ಆಗಬಹುದು.

ಎಷ್ಟು ದಿನಕ್ಕೊಮ್ಮೆ ಏನೇನು ಮಾಡ್ಬೇಕು?

ಓಡಿಸುವ ಪ್ರತಿ ಸಲ ಬೆಡ್, ಸ್ಲೈಡು, ಎಣ್ಣೆ ತೂತು. ಬುಷ್ ಬೇರಿಂಗಿನ ಬೆಲ್ಟ್ ಲೇತ್ ಆದರೆ ಸ್ಪಿಂಡಲ್ಲಿನ ಎರಡೂ ಎಣ್ಣೆ ಕಪ್ಪುಗಳನ್ನು ಮರೆಯಲೇಬಾರದು. ಎಣ್ಣೆ ಹಾಕಿ ಕ್ಯಾರೇಜನ್ನು ಉದ್ದಕ್ಕೂ ಓಡಿಸಿ. ಮುಂದೆ ಕಪ್ಪು ರಾಡಿ ಬಂದರೆ ಒರೆಸಿ ಮತ್ತೆ ಹಾಕಿ, ತಿಳಿಯಾಗಿ ಬರುವವರೆಗೆ. ಎಣ್ಣೆ ಜಾರಿಸುವುದರ ಜೊತೆಗೆ ಕೊಳೆಯನ್ನೂ ಹೊರಗೆ ತರುತ್ತದೆ, ಆದ್ದರಿಂದ ಒರೆಸದೆ ಮೇಲಿಂದ ಮೇಲೆ ಸುರಿಯುವುದು ಅರ್ಧ ಕೆಲಸ.

ಸ್ಯಾಡಲ್ ತುದಿಯ ಫೆಲ್ಟ್ ವೈಪರುಗಳನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಒಣಗಿ ಕಲ್ಲಾದ ಫೆಲ್ಟಿನಲ್ಲಿ ಸಿಕ್ಕಿದ ಚಿಪ್ಸ್ ಬೆಡ್ಡನ್ನು ಗೀರುತ್ತದೆ. ಬಿಚ್ಚಿ ತೊಳೆದು ಎಣ್ಣೆಯಲ್ಲಿ ನೆನೆಸಿ ಹಾಕಿ, ಹರಿದಿದ್ದರೆ ಉಣ್ಣೆಯ ಫೆಲ್ಟ್ ಕತ್ತರಿಸಿ ಹೊಸದು ಮಾಡಿ. ಮನೆ ಬಳಕೆಯ ಹೆಡ್‌ಸ್ಟಾಕಿನ ಎಣ್ಣೆಯನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಕೊಂಡ ಹೊಸದರಲ್ಲಿ ಮಾತ್ರ ಬೇಗ ಒಮ್ಮೆ ಬದಲಿಸಿ, ತಳದಲ್ಲಿ ಮ್ಯಾಗ್ನೆಟ್ ಆಡಿಸಿ ನೋಡಿ. ನಯವಾದ ಬೂದು ಪುಡಿ ಬಂದರೆ ಸಹಜ ಸವೆತ, ಹಲ್ಲಿನ ಚೂರು ಬಂದರೆ ಮುಚ್ಚಳ ತೆಗೆದು ಗೇರು ನೋಡಲೇಬೇಕು.

ಕೂಲಂಟ್ ಟ್ಯಾಂಕ್ ಗಬ್ಬು ನಾರುತ್ತಿದೆ.

ನೀರಿನಲ್ಲಿ ಕರಗುವ ಕಟಿಂಗ್ ಆಯಿಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ಚೆಲ್ಲಿ ಟ್ಯಾಂಕ್ ತೊಳೆಯದೆ ಬೇರೆ ದಾರಿಯಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮಿಶ್ರಣ ಒಡೆದು ಎಣ್ಣೆ ಮೇಲೆ ತೇಲುವುದೂ ಸಾಮಾನ್ಯ. ಹೊಸದು ಮಾಡುವಾಗ ನೀರಿಗೆ ಎಣ್ಣೆ ಸುರಿಯಿರಿ, ಎಣ್ಣೆಗೆ ನೀರಲ್ಲ. 20 ಪಾಲು ನೀರಿಗೆ ಒಂದು ಪಾಲು ಸಾಮಾನ್ಯ ಲೆಕ್ಕ. ವಾರಕ್ಕೊಮ್ಮೆ ಲೇತ್ ಮುಟ್ಟುವವರಿಗೆ ಪಂಪಿನ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಟೂಲಿನ ಹತ್ತಿರ ಬ್ರಷ್ಷಿನಿಂದ ನೀಟ್ ಕಟಿಂಗ್ ಆಯಿಲ್ ಸವರಿದರೆ ಸಾಕು.

ಮಕ್ಕಳಿಗೆ ಚನ್ನಪಟ್ಟಣದ ಥರ ಬುಗುರಿ ಮಾಡಬೇಕು. ಇದೇ ಲೇತಲ್ಲಿ ಮರ ತಿರುಗಿಸಬಹುದಾ?

ಆಗುತ್ತದೆ, ಆದರೆ ಮರದ ಹೊಟ್ಟು ಬೆಡ್ಡಿನ ಎಣ್ಣೆಯನ್ನು ಹೀರಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರಗು ಹಚ್ಚಿದರೆ ಬಿಸಿಗೆ ಕರಗಿ ಚಿಮ್ಮಿದ ಹನಿಗಳು ಸ್ಲೈಡಿನ ಮೇಲೆ ಗಟ್ಟಿಯಾಗುತ್ತವೆ. ಬೆಡ್ಡನ್ನು ರಟ್ಟಿನಿಂದ ಮುಚ್ಚಿ ಕೆಲಸ ಮಾಡಿ, ಮುಗಿದ ಕೂಡಲೇ ಪೂರ್ತಿ ಒರೆಸಿ ಹೊಸ ಎಣ್ಣೆ ಹಾಕಿ. ಮುಚ್ಚಲು ಬಟ್ಟೆ ಬೇಡ, ಚಕ್ ಎಳೆದುಕೊಳ್ಳುತ್ತದೆ. ಎರಕದ ಕಬ್ಬಿಣ ತಿರುಗಿಸುವಾಗಲೂ ಇದೇ ಜಾಗ್ರತೆ ಬೇಕು.

## ಚಕ್ಕು ಮತ್ತು ಕರೆಂಟು

ನಮ್ಮ ಲೇತಿನ ಚಕ್ ಬಿಚ್ಚಾಕ ಬರವಲ್ದರೀ. ಬ್ಯಾಕ್ ಗೇರ್ ಹಾಕಿ ಜಗ್ಗೂನೇನು?

ಬ್ಯಾಡ್ರಿ, ಗೇರಿನ ಹಲ್ಲು ಮುರೀತಾವ. ವೇಗ ತಗ್ಗಿಸಲೆಂದು ಇರುವ ಆ ಎರಕದ ಗೇರು ಈ ಪೆಟ್ಟನ್ನು ತಡೆಯುವುದಿಲ್ಲ, ಹಲ್ಲು ಮುರಿದ ಬ್ಯಾಕ್ ಗೇರುಗಳಲ್ಲಿ ಬಹುಪಾಲು ಹೀಗೇ ಮುರಿದವು. ಚೂಡಿ (ಸ್ಕ್ರೂ ಎಳೆ) ಇರುವ ಸ್ಪಿಂಡಲ್ಲಾದರೆ ಹಿಂದಿನ ಚೂಡಿಗೆ ತುಕ್ಕು ನೆನೆಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ. ಬೆಲ್ಟನ್ನು ಅತಿ ಕಡಿಮೆ ವೇಗದ ಪುಲ್ಲಿಗೆ ಹಾಕಿ, ಒಬ್ಬರು ಪುಲ್ಲಿಯನ್ನು ಬೆಲ್ಟಿನ ಸಮೇತ ಬಿಗಿಹಿಡಿಯಲಿ. ಚಕ್ಕಿನಲ್ಲಿ ದಪ್ಪ ಷಡ್ಭುಜ ರಾಡ್ ಬಿಗಿದು ಉದ್ದ ಸ್ಪ್ಯಾನರಿನಿಂದ ಬಿಚ್ಚುವ ಕಡೆಗೆ ಚುರುಕಾಗಿ ಒಂದು ಎಳೆತ ಕೊಡಿ. ನಿಧಾನವಾಗಿ ಜೋತುಬೀಳುವುದಕ್ಕಿಂತ ಆ ಜರ್ಕ್ ಕೆಲಸ ಮಾಡುತ್ತದೆ. ಬಿಡದಿದ್ದರೆ ಬ್ಯಾಕ್ ಪ್ಲೇಟಿಗೆ ಹೀಟ್ ಗನ್ ಹಿಡಿದು ಮತ್ತೆ ನೋಡಿ. ಚಕ್ ಬೀಳುವ ಜಾಗದಲ್ಲಿ ಬೆಡ್ಡಿನ ಮೇಲೆ ಹಲಗೆ ಇಡುವುದು ಮರೆಯಬೇಡಿ.

ಬಿಚ್ಚಿದ ಮೇಲೆ ಚೂಡಿಯನ್ನೂ ಹಿಂದಿನ ಒರಗು ಮುಖವನ್ನೂ ಚೊಕ್ಕ ಮಾಡಿ. ಅಲ್ಲಿ ಕೂತ ಒಂದು ಚಿಪ್ಸ್ ಸಾಕು, ಕೆಲಸವೆಲ್ಲ ಓಲಾಡುತ್ತದೆ.

ಮೂರು ಜಾ ಚಕ್ ಬಿಗಿ ಆಗಿದೆ, ರನೌಟೂ (ತಿರುಗುವಾಗ ಓಲಾಟ) ಇದೆ. ಒಳಗೆ ಕ್ಲೀನ್ ಮಾಡೋದು ಹೇಗೆ?

ಜಾಗಳ (ಕೆಲಸವನ್ನು ಕಚ್ಚಿ ಹಿಡಿಯುವ ದವಡೆಗಳ) ಮೇಲೆ 1, 2, 3 ಎಂದು ಗುರುತಿರುತ್ತದೆ, ಇಲ್ಲದಿದ್ದರೆ ಬಿಚ್ಚುವ ಮುಂಚೆ ನೀವೇ ಮಾಡಿ. ಕೀ ತಿರುಗಿಸಿ ಜಾಗಳನ್ನು ತೆಗೆದು, ಹಿಂದಿನ ಸ್ಕ್ರೂ ಬಿಚ್ಚಿದರೆ ಜಾಗಳನ್ನು ಸರಿಸುವ ಸುರುಳಿ ತಟ್ಟೆ, ಅಂದರೆ ಸ್ಕ್ರೋಲ್, ಸಿಗುತ್ತದೆ. ಸುರುಳಿಯ ತೋಡಿನಲ್ಲಿ ಗಟ್ಟಿಯಾದ ಜಿಡ್ಡನ್ನು ಕೆರೆದು ತೊಳೆದು, ಬಹಳ ತೆಳ್ಳಗೆ ಗ್ರೀಸ್ ಸವರಿ ಜೋಡಿಸಿ. ಸ್ಕ್ರೋಲಿನ ತುದಿ ಒಂದನೇ ತೋಡಿಗೆ ಬಂದಾಗ ಒಂದನೇ ಜಾ, ಹೀಗೆ ಕ್ರಮವಾಗಿ. ಹಳೆಯ ಚಕ್ಕಿನಲ್ಲಿ 0.05ರಿಂದ 0.1 ಮಿಮೀ ರನೌಟ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ನಿಖರತೆ ಬೇಕಾದ ಕೆಲಸಕ್ಕೆ ನಾಲ್ಕು ಜಾ ಚಕ್ ಹಾಕಿ, ಡಯಲ್ ಇಟ್ಟು ಹೊಂದಿಸಿ.

ಮೋಟರ್ 3 ಫೇಸ್, ಮನೆಗೆ ಸಿಂಗಲ್ ಫೇಸ್. ವಿಎಫ್‌ಡಿ ಹಾಕಿದ್ರೆ ಓಡುತ್ತಾ?

ವಿಎಫ್‌ಡಿ ಎಂದರೆ ಮನೆಯ ಕರೆಂಟನ್ನು ಮೂರು ಫೇಸ್ ಮಾಡಿ ಮೋಟರಿಗೆ ಕೊಡುವ, ವೇಗವನ್ನೂ ಬದಲಿಸುವ ಪೆಟ್ಟಿಗೆ. ಮೊದಲು ಮೋಟರಿನ ಪ್ಲೇಟ್ ಓದಿ. 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಳ್ಳುವ ಸಾಮಾನ್ಯ ವಿಎಫ್‌ಡಿ ಹೊರಗೆ ಕೊಡುವುದೂ 230 ವೋಲ್ಟಿನ ಮೂರು ಫೇಸೇ. ಮೋಟರ್ 415 ವೋಲ್ಟ್ ಸ್ಟಾರ್ ಆಗಿದ್ದು (ಸ್ಟಾರ್, ಡೆಲ್ಟಾ ಎಂಬವು ಒಳಗಿನ ತಂತಿ ಸುತ್ತುಗಳನ್ನು ಜೋಡಿಸುವ ಎರಡು ಕ್ರಮ) ಆರು ತುದಿಗಳೂ ಟರ್ಮಿನಲ್ ಬಾಕ್ಸಿಗೆ ಬಂದಿದ್ದರೆ ಡೆಲ್ಟಾಕ್ಕೆ ಬದಲಿಸಿ ಓಡಿಸಬಹುದು. 415 ವೋಲ್ಟ್ ಡೆಲ್ಟಾ ಎಂದಿದ್ದರೆ ಆ ವಿಎಫ್‌ಡಿಯಲ್ಲಿ ಪೂರ್ತಿ ಶಕ್ತಿ ಬರದು. ಮೋಟರ್ ಬದಲಿಸಿ, ರೀವೈಂಡ್ ಮಾಡಿಸಿ, ಇಲ್ಲವೇ 3 ಫೇಸ್ ಸಂಪರ್ಕಕ್ಕೆ ಅರ್ಜಿ ಹಾಕಿ.

ಲೇತಿನ ಹಳೆಯ ಫಾರ್ವರ್ಡ್ ರಿವರ್ಸ್ ಸ್ವಿಚ್ಚನ್ನು ವಿಎಫ್‌ಡಿ ಮತ್ತು ಮೋಟರಿನ ನಡುವೆ ಉಳಿಸಬೇಡಿ, ಓಡುತ್ತಿರುವಾಗ ಅದನ್ನು ತಿರುಗಿಸಿದರೆ ವಿಎಫ್‌ಡಿ ಸುಡಬಹುದು. ಚೂಡಿ ಚಕ್ ಇದ್ದವರು ಇನ್ನೊಂದು ಗಮನಿಸಬೇಕು: ರಿವರ್ಸಿನಲ್ಲಿ ಕಟ್ ತೆಗೆದರೆ, ಅಥವಾ ಬ್ರೇಕ್ ಸಮಯವನ್ನು ಬಹಳ ಕಡಿಮೆ ಇಟ್ಟು ಗಕ್ಕನೆ ನಿಲ್ಲಿಸಿದರೆ ಚಕ್ ತಾನೇ ಬಿಚ್ಚಿಕೊಂಡು ಬರುತ್ತದೆ. ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ನಮ್ಮಪ್ಪ ಪಂಚೆ ಉಟ್ಟುಕೊಂಡೇ ಲೇತ್ ಒರೆಸ್ತಾರೆ, ಗ್ಲೌಸ್ ಹಾಕ್ಕೊಳ್ಳಿ ಅಂದ್ರೂ ಕೇಳಲ್ಲ.

ಗ್ಲೌಸಿನ ವಿಷಯದಲ್ಲಿ ಅಪ್ಪನವರೇ ಸರಿ. ತಿರುಗುವ ಲೇತಿನ ಹತ್ತಿರ ಗ್ಲೌಸ್ ಕೂಡದು, ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತದೆ. ಪಂಚೆ, ಲುಂಗಿ, ಸೆರಗು, ದುಪಟ್ಟಾ, ಕೊರಳ ಸರ, ಉಂಗುರ, ತುಂಬುತೋಳು ಎಲ್ಲಕ್ಕೂ ಅದೇ ಮಾತು. ಒರೆಸುವುದು ಮೇನ್ ಸ್ವಿಚ್ ಆಫ್ ಮಾಡಿದ ಮೇಲೆ, ನಿಂತ ಲೇತನ್ನು ಮಾತ್ರ. ಉದ್ದುದ್ದ ಸುರುಳಿ ಚಿಪ್ಸನ್ನು ಕೈಯಲ್ಲಿ ಎಳೆಯದೆ ಕೊಕ್ಕೆಯಿಂದ ತೆಗೆಯಲಿ. ಚಕ್ ಕೀಯನ್ನು ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯುವ ಅಭ್ಯಾಸವಿದ್ದರೆ ಅದನ್ನು ಇವತ್ತೇ ಬಿಡಿಸಿ.

## ಅಳತೆ ತಪ್ಪಿದಾಗ

ಕ್ರಾಸ್ ಸ್ಲೈಡ್ ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗುತ್ತೆ. ಗಿಬ್ ಟೈಟ್ ಮಾಡಿದ್ರೂ ಹೋಗ್ತಿಲ್ಲ.

ಹೋಗುವುದಿಲ್ಲ, ಯಾಕೆಂದರೆ ಅವೆರಡು ಬೇರೆ ಬೇರೆ ಸಂಗತಿ. ಖಾಲಿ ಸುತ್ತು ಸ್ಕ್ರೂ ಮತ್ತು ನಟ್ಟಿನ ಸವೆತದ್ದು. ಮೊದಲು ಹ್ಯಾಂಡಲ್ ಹಿಂದಿನ ಕಾಲರ್ ನಟ್ ಸಡಿಲವೇ ನೋಡಿ, ಅರ್ಧ ಪ್ಲೇ ಅಲ್ಲೇ ಇರಬಹುದು. ಉಳಿದದ್ದಕ್ಕೆ ಹೊಸ ಗನ್ ಮೆಟಲ್ ನಟ್ ಮಾಡಿಸಬೇಕು. ಅಲ್ಲಿಯವರೆಗೆ ಯಾವಾಗಲೂ ಒಂದೇ ದಿಕ್ಕಿನಿಂದ, ಒಳಕ್ಕೆ ಹೋಗುತ್ತಾ ಅಳತೆಗೆ ಬನ್ನಿ. ಮುಂದೆ ಹೋದರೆ ಪೂರ್ತಿ ಹಿಂದೆ ಬಂದು ಮತ್ತೆ ಹೋಗಿ. ಹೀಗೆ ಓಡಿಸಿದರೆ ಕಾಲು ಸುತ್ತು ಪ್ಲೇ ಇದ್ದರೂ ಸರಿಯಾದ ಅಳತೆ ಬರುತ್ತದೆ.

ಗಿಬ್ಬಿನ ಕೆಲಸ ಸ್ಲೈಡಿನ ಅಡ್ಡ ಅಲುಗಾಟ ತಡೆಯುವುದು. ಸ್ಕ್ರೂಗಳನ್ನು ಮಧ್ಯದಿಂದ ಶುರುಮಾಡಿ ಸ್ವಲ್ಪ ಸ್ವಲ್ಪ ಬಿಗಿಸುತ್ತಾ, ಪ್ರತಿ ಸಲ ಸ್ಲೈಡನ್ನು ಉದ್ದಕ್ಕೂ ಓಡಿಸಿ ನೋಡಿ. ಹ್ಯಾಂಡಲ್ ಸಮನಾಗಿ, ಚೂರು ಭಾರವಾಗಿ ತಿರುಗಬೇಕು.

ಉದ್ದ ಜಾಬ್ ಹಾಕಿದ್ರೆ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ತೆಳು) ಬರ್ತಿದೆ. ಟೈಲ್‌ಸ್ಟಾಕ್ ಸರಿಸೋದಾ, ಲೆವೆಲ್ ಮಾಡೋದಾ?

ಎರಡೂ ಇರಬಹುದು, ಆದರೆ ಕ್ರಮ ಮುಖ್ಯ: ಮೊದಲು ಬೆಡ್ಡಿನ ತಿರುಚು, ಆಮೇಲೆ ಟೈಲ್‌ಸ್ಟಾಕ್. ಗಾರೆ ಕೆಲಸದ ರಸಮಟ್ಟದಿಂದ ಇದು ಆಗದು, ಮೀಟರಿಗೆ 0.02 ಮಿಮೀ ತೋರಿಸುವ ಲೆವೆಲ್ ಬೇಕು. ಅದಿಲ್ಲದಿದ್ದರೆ ಲೇತನ್ನೇ ಕೇಳಬಹುದು. ಸುಮಾರು 40 ಮಿಮೀ ದಪ್ಪದ ರಾಡ್ ಚಕ್ಕಿನಿಂದ 150 ಮಿಮೀ ಹೊರಗಿರುವಂತೆ ಬಿಗಿಯಿರಿ, ಟೈಲ್‌ಸ್ಟಾಕ್ ಆಸರೆ ಕೊಡಬೇಡಿ. ಮಧ್ಯದ ಭಾಗವನ್ನು ತಗ್ಗಿಸಿ ಎರಡು ತುದಿಗೆ ಎರಡು ಕಾಲರ್ (ಬಳೆಯಂಥ ದಪ್ಪ ಭಾಗ) ಉಳಿಸಿ. ಚೂಪಾದ ಟೂಲಿನಿಂದ, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡರ ಮೇಲೂ ಬಹಳ ತೆಳು ಕಟ್ ತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಹೊರತುದಿಯ ಕಾಲರ್ ದಪ್ಪ ಬಂದರೆ ಟೈಲ್‌ಸ್ಟಾಕ್ ಕಡೆಯ ಮುಂಗಾಲನ್ನು ಶಿಮ್ ಕೊಟ್ಟು ಎತ್ತಿ; ತೆಳ್ಳಗೆ ಬಂದರೆ ಅದೇ ಕಡೆಯ ಹಿಂಗಾಲನ್ನು. ಎರಡೂ ಒಂದೇ ಅಳತೆ ಬರುವವರೆಗೆ ಇದೇ ಆಟ.

ಆಮೇಲೆ ಎರಡು ಸೆಂಟರುಗಳ (ಎರಡೂ ತುದಿಯಲ್ಲಿ ಆಸರೆ ಕೊಡುವ ಮೊನೆಗಳ) ನಡುವೆ ಉದ್ದ ರಾಡ್ ತಿರುಗಿಸಿ. ಟೈಲ್‌ಸ್ಟಾಕ್ ತುದಿ 0.08 ಮಿಮೀ ದಪ್ಪ ಬಂದರೆ ಟೈಲ್‌ಸ್ಟಾಕನ್ನು ನಿಮ್ಮ ಕಡೆಗೆ ಅದರ ಅರ್ಧ, ಅಂದರೆ 0.04 ಸರಿಸಿ. ಡಯಲ್ ಗೇಜ್ ಆನಿಸಿಟ್ಟು ಸರಿಸಿದರೆ ಊಹೆ ಉಳಿಯುವುದಿಲ್ಲ.

ಫಿನಿಷ್ ಮೇಲೆ ಅಲೆ ಅಲೆ ಬರುತ್ತೆ. ಬೇರಿಂಗ್ ಹೋಗಿದೆಯಾ?

ಬೇರಿಂಗಿಗೆ ಹೋಗುವ ಮುಂಚೆ ಟೂಲಿನ ಎತ್ತರ, ಟೂಲ್ ಎಷ್ಟು ಹೊರಗೆ ಚಾಚಿದೆ, ಗಿಬ್, ಬೆಲ್ಟಿನ ಜೋಡು, ಇಷ್ಟನ್ನು ನೋಡಿ. ಆಮೇಲೂ ಉಳಿದರೆ ಡಯಲನ್ನು ಸ್ಪಿಂಡಲ್ ಮೂಗಿನ ಮೇಲೆ ಇಟ್ಟು, ಚಕ್ಕಿನಲ್ಲಿ ಬಿಗಿದ ರಾಡನ್ನು ಮೇಲಕ್ಕೂ ಕೆಳಕ್ಕೂ ಒತ್ತಿ. ಮುಳ್ಳು 0.02 ಮಿಮೀಗಿಂತ ಹೆಚ್ಚು ಓಡಿದರೆ ಸಡಿಲ ಇದೆ. ಗನ್ ಮೆಟಲ್ ಬುಷ್ಷಾದರೆ ಕ್ಯಾಪಿನ ಶಿಮ್ಮನ್ನು ಒಂದೊಂದೇ ಪದರ ತೆಗೆಯುವುದು, ಟೇಪರ್ ರೋಲರ್ ಆದರೆ ಹಿಂದಿನ ನಟ್ಟನ್ನು ಚೂರೇ ಚೂರು ಬಿಗಿಸುವುದು. ಪ್ರತಿ ಬದಲಾವಣೆಯ ನಂತರ ಅರ್ಧ ಗಂಟೆ ಓಡಿಸಿ ಬೇರಿಂಗಿನ ಹತ್ತಿರ ಹೆಡ್‌ಸ್ಟಾಕಿನ ಹೊರಮೈ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಹೆಚ್ಚು ಬಿಗಿದಿದ್ದೀರಿ.

ಚಕ್ ಹತ್ತಿರ ಬೆಡ್ ಸವೆದು ಮೆಟ್ಟಿಲಾಗಿದೆ. ಪೀಣ್ಯದಲ್ಲಿ ಗ್ರೈಂಡಿಂಗ್ ಮಾಡಿಸಿಬಿಡ್ಲಾ?

ಹೆಚ್ಚಿನ ಕೆಲಸ ನಡೆಯುವುದು ಅಲ್ಲೇ ಆದ್ದರಿಂದ ಸವೆಯುವುದೂ ಅಲ್ಲೇ. ಕ್ಯಾರೇಜನ್ನು ಚಕ್ ಹತ್ತಿರ ಸರಿಯಾಗಿ ಹೊಂದಿಸಿದರೆ ಟೈಲ್‌ಸ್ಟಾಕ್ ಕಡೆ ಹೋಗುವಾಗ ಕಚ್ಚಿಕೊಳ್ಳುತ್ತದೆ, ಇದು ಆ ಸವೆತದ ಗುರುತು. ಆದರೆ ಮನೆಯಲ್ಲಿ ಮಾಡುವ ಗಿಡ್ಡ ಕೆಲಸಗಳು ಆ ಸವೆದ ಗೇಣುದ್ದದಲ್ಲೇ ಮುಗಿಯುತ್ತವೆ, ಅಷ್ಟರಲ್ಲಿ ಬರುವ ತಪ್ಪು ಬಹಳ ಸಲ ಅಳತೆಗೇ ಸಿಗದಷ್ಟು ಸಣ್ಣದು. ಮೊದಲು ಮೇಲೆ ಹೇಳಿದ ಕಾಲರ್ ಪರೀಕ್ಷೆ ಮಾಡಿ, ನಿಮ್ಮ ಕೆಲಸಕ್ಕೆ ನಿಜವಾಗಿ ಅಡ್ಡಿಯಾಗಿದೆಯೇ ನೋಡಿ.

ಮಾಡಿಸುವುದಾದರೆ ಗ್ರೈಂಡಿಂಗ್ ಕೂಲಿಯೊಂದೇ ಖರ್ಚು ಅಂದುಕೊಳ್ಳಬೇಡಿ. ಬೆಡ್ ಎಷ್ಟು ತಗ್ಗುತ್ತದೋ ಸ್ಯಾಡಲ್ ಅಷ್ಟು ಇಳಿಯುತ್ತದೆ. ಆಗ ಏಪ್ರನ್ನಿನ ಮೂಲಕ ಹಾಯುವ ಲೀಡ್ ಸ್ಕ್ರೂ, ಫೀಡ್ ರಾಡ್ ನೇರ ತಪ್ಪಿ ಬಿಗಿಯುತ್ತವೆ, ರ‍್ಯಾಕ್ ಮತ್ತು ಪಿನಿಯನ್ ಹೊಂದಿಕೆ ಕೆಡುತ್ತದೆ, ಟೈಲ್‌ಸ್ಟಾಕ್ ಸೆಂಟರ್ ಕೆಳಗಾಗುತ್ತದೆ. ಸ್ಯಾಡಲ್ ತಳಕ್ಕೆ ಟರ್ಸೈಟಿನಂಥ ಪ್ಲಾಸ್ಟಿಕ್ ಲೈನರ್ ಅಂಟಿಸಿ, ಸ್ಕ್ರೇಪ್ ಮಾಡಿ ಅಷ್ಟೇ ಎತ್ತರ ವಾಪಸು ತರಬೇಕು, ಟೈಲ್‌ಸ್ಟಾಕ್ ಬೇಸಿಗೂ ಶಿಮ್ ಕೊಡಬೇಕು. ಹಾಗಾಗಿ ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ: ಸ್ಯಾಡಲ್ ಎತ್ತರ ನೀವೇ ಕೂರಿಸಿಕೊಡುತ್ತೀರೋ, ಬರೀ ಬೆಡ್ ಉಜ್ಜಿ ಕಳಿಸುತ್ತೀರೋ? ಬರೀ ಬೆಡ್ ಎಂದರೆ, ಸ್ಕ್ರೇಪಿಂಗ್ ಬಲ್ಲ ಒಬ್ಬ ಫಿಟ್ಟರ್ ಸಿಗುವವರೆಗೆ ಲೇತನ್ನು ಬಿಚ್ಚಬೇಡಿ.